ಗಂಧಕ್ಕೆ ಬಿಟ್ಟ ಮೂಲೆ

ಮೊನ್ನೆ ಆಫೀಸಿನಲ್ಲಿ ಸಬೀಹಾ ನನ್ನ ಹೊಸ ಬೋರ್ಡಿನ ನಕ್ಷೆಯನ್ನು ಪರದೆಯ ಮೇಲೆ ಹರಡಿಕೊಂಡು ಕೂತಿದ್ದಳು. ಬೆನ್ಸನ್ ಟೌನಿನವಳು, ನಮ್ಮ ತಂಡಕ್ಕೆ ಹೊಸಬಳು, ಕೂದಲೆಳೆಯಷ್ಟು ಜಾಗ ದಂಡವಾದರೂ ಅವಳಿಗೆ ಸಂಕಟ. ಕೆಳಗಿನ ಮೂಲೆಗೆ ಒಂದು ಸುತ್ತು ಹಾಕಿ, "ಮೇಡಂ, ಇಲ್ಲಿ ಏನೂ ಇಲ್ವಲ್ಲ. ತೆಗ್ದುಬಿಟ್ರೆ ಬೋರ್ಡು ಚಿಕ್ಕದಾಗತ್ತೆ" ಎಂದಳು.

ರೇಡಿಯೊ, ಮೀಟರು ಇಂಥವುಗಳ ಹೊಟ್ಟೆಯಲ್ಲಿ ಬಿಡಿಭಾಗ ಕೂರಿಸಿದ ಪುಟ್ಟ ಹಲಗೆ ಇರುತ್ತದಲ್ಲ, ಅದೇ ಬೋರ್ಡು. ಅದನ್ನು ರೂಪಿಸುವುದೇ ನನ್ನ ಕಸುಬು. ಕೆ.ಆರ್. ಪುರದ ಈ ಆಫೀಸಿನಲ್ಲಿ ನಾನು ಮಾಡಿದ ಬೋರ್ಡುಗಳಲ್ಲೆಲ್ಲ ಒಂದು ಮೂಲೆ ಖಾಲಿ ಇರುತ್ತದೆ. ಕೇಳಿದವರಿಗೆ "ಮೆಕ್ಯಾನಿಕಲ್ ಕಾರಣ" ಎನ್ನುತ್ತಾ ಬಂದಿದ್ದೇನೆ. ಎಲೆಕ್ಟ್ರಾನಿಕ್ಸಿನವರು ಮೆಕ್ಯಾನಿಕಲ್ ಕಾರಣಗಳನ್ನು ಕೆದಕಲು ಹೋಗುವುದಿಲ್ಲ, ಅದು ಅವರ ಒಳ್ಳೆಯ ಗುಣ. ನಿಮಗೆ ಮಾತ್ರ ನಿಜ ಹೇಳುತ್ತೇನೆ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಬಂದದ್ದು ಹಲಸೂರಿನ ಒಂದು ಹಳೆಯ ಒಕ್ಕಲು ಮನೆಗೆ. ಒಕ್ಕಲು ಎಂದರೆ, ಅವರ ರಾಗಿ ಹೊಲ ಈಗ ಇಂದಿರಾನಗರದ ಯಾವುದೋ ಕಾಫಿ ಅಂಗಡಿಯ ಕೆಳಗಿದೆ. ಹೊಲ ಹೋದರೂ ಕುಡುಗೋಲು, ಗುದ್ದಲಿ, ಹಾರೆ ಹೋಗಿಲ್ಲ. ವರ್ಷವಿಡೀ ಅಟ್ಟದ ಮೇಲಿದ್ದು ಆಯುಧಪೂಜೆಗೆ ಕೆಳಗಿಳಿಯುತ್ತವೆ, ಗಂಧ ಕುಂಕುಮ ಇಡಿಸಿಕೊಳ್ಳುತ್ತವೆ, ಹಬ್ಬ ಮುಗಿದ ಮೇಲೆ ಮತ್ತೆ ಅಟ್ಟ ಹತ್ತುತ್ತವೆ. ಅವುಗಳ ಪಕ್ಕದಲ್ಲಿ ಈಗಿನವರ ಕಸುಬಿನ ಸಾಮಾನು ಕೂರುತ್ತದೆ. ನನ್ನ ಗಂಡನ ಲ್ಯಾಪ್‌ಟಾಪು, ಮೈದುನನ ಟೆಂಪೊದ ಬೀಗದ ಕೈ. ಮೊದಲ ವರ್ಷ ಆ ಸಾಲಿನಲ್ಲಿ ನನ್ನ ಹೆಸರಿಗೆ ಬಂದದ್ದು ಈಳಿಗೆಮಣೆ.

ಈಳಿಗೆಮಣೆಯ ಮೇಲೆ ನನಗೇನೂ ದ್ವೇಷವಿಲ್ಲ. ಹೇಳಬೇಕೆಂದರೆ ಅದನ್ನು ಮುಟ್ಟುತ್ತಿದ್ದುದೇ ಕಡಿಮೆ. ಬೆಳಗ್ಗೆ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದೆ. ಅತ್ತೆ ನೆಂಟರ ಮುಂದೆ, ಅವಳೂ ಏನೋ ಕಂಪ್ಯೂಟರ್‌ಗೆ ಹೋಗ್ತಾಳೆ ಎನ್ನುತ್ತಿದ್ದರು. ಮನೆಯವರ ಕಸುಬುಗಳ ಸಾಲಿನಲ್ಲಿ ನನ್ನದಕ್ಕೆ ಜಾಗವಿಲ್ಲವಲ್ಲ ಎಂದು ನನಗೆ ಬಹಳ ನೋವಾಯಿತು. ಯಾರಿಗೂ ಹೇಳಲಿಲ್ಲ.

ಮರುವರ್ಷ ಅತ್ತೆಯ ಮರದ ಪೆಟ್ಟಿಗೆಯ ರೇಡಿಯೊ ಕೆಟ್ಟಿತು. ಬೆಳಗಿನ ಭಕ್ತಿಗೀತೆ ಇಲ್ಲದೆ ಅವರಿಗೆ ಕಾಫಿ ಸೇರುತ್ತಿರಲಿಲ್ಲ. ನಾನು ಎದೆ ತಟ್ಟಿಕೊಂಡು, ಪೆಟ್ಟಿಗೆ ಹಾಗೇ ಇರಲಿ, ಒಳಗೆ ನಾನೇ ಹೊಸ ಬೋರ್ಡು ಮಾಡಿ ಕೂರಿಸುತ್ತೇನೆ, ವಿಜಯದಶಮಿಯ ದಿನ ನೆಂಟರೆದುರು ಹಾಡಿಸುತ್ತೇನೆ ಎಂದೆ. ಮಾಡಿದೆ. ಹಾಡಿತು ಕೂಡ. ಆಯುಧಪೂಜೆಯ ದಿನ ಆಯುಧಗಳಿಗೆ ರಜೆ, ಅದಕ್ಕೂ ರಜೆ ಕೊಡು ಎಂದರು ಅತ್ತೆ. ಸೆಲ್ಲುಗಳನ್ನು ತೆಗೆದಿಟ್ಟು ಆಫೀಸಿನ ಪೂಜೆಗೆ ಹೋದೆ. ಕುಂಬಳಕಾಯಿ ಒಡೆಯುವವರೆಗೂ ನಿಂತು ಮನೆಗೆ ಬಂದರೆ ಇಲ್ಲಿಯ ಪೂಜೆ ಮುಗಿದಿತ್ತು. ಹಾರೆಗೂ ಗುದ್ದಲಿಗೂ ನಡುವೆ ರೇಡಿಯೊ ಪೆಟ್ಟಿಗೆ, ಅದರ ಮೇಲೆ ಗಂಧ, ಕುಂಕುಮ, ಒಂದು ಸೇವಂತಿಗೆ. ಅದು ಅತ್ತೆಯ ರೇಡಿಯೊಗೆ ಸಂದ ಪೂಜೆಯೋ ನನ್ನ ಕಸುಬಿಗೆ ಸಂದದ್ದೋ ತಿಳಿಯಲಿಲ್ಲ. ಪಕ್ಕದಲ್ಲಿ ಈಳಿಗೆಮಣೆಯೂ ಇತ್ತು.

ಮರುದಿನ ನೆಂಟರು ಬಂದರು. ಕಲ್ಯಾಣ ನಗರದಿಂದ ಚಿಕ್ಕಮಾವ ಬಂದು ಕುರ್ಚಿಯನ್ನು ರೇಡಿಯೊದ ಎದುರಿಗೇ ಎಳೆದುಕೊಂಡರು. ನಾನು ಸೆಲ್ಲು ಹಾಕಿ ಗುಂಡಿ ತಿರುಗಿಸಿದೆ. ಏನೂ ಇಲ್ಲ. ಕರಕರ ಎನ್ನುವ ಸದ್ದೂ ಇಲ್ಲ, ಸಣ್ಣ ಕೆಂಪು ದೀಪವೂ ಇಲ್ಲ. ಚಿಕ್ಕಮಾವ ಸೆಲ್ಲು ಉಲ್ಟಾ ಹಾಕಿದ್ದೇನೆಯೇ ಎಂದು ವಿಚಾರಿಸಿದರು. ಇಲ್ಲ ಎಂದೆ. ಇರಲಿ, ಉಲ್ಟಾ ಹಾಕಿ ನೋಡು ಎಂದರು.

ಪೆಟ್ಟಿಗೆಯಿಂದ ಬೋರ್ಡು ಹೊರತೆಗೆದು ಕರೆಂಟು ಅಳೆಯುವ ಮೀಟರು ಹಿಡಿದು ಕೂತೆ. ಸೆಲ್ಲುಗಳಲ್ಲಿ ಕರೆಂಟಿದೆ. ಸ್ವಿಚ್ಚು ಸರಿಯಿದೆ. ತಂತಿ ಎಲ್ಲೂ ಕಿತ್ತಿಲ್ಲ. ಆದರೆ ಬೋರ್ಡಿಗೆ ಮಾತ್ರ ಏನೂ ತಲುಪುತ್ತಿಲ್ಲ. ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ, ಗಾಬರಿಯಾಗಬೇಡಿ, ಮೂಲದಿಂದ ಒಂದೊಂದೇ ಹೆಜ್ಜೆ ನೋಡುತ್ತಾ ಬನ್ನಿ ಎಂದು. ನಾನು ಗಾಬರಿಯಾಗಿ, ಸರಿಯಿದ್ದ ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ. ಹೊಗೆ ಎದ್ದಾಗ ನೆಂಟರಿಗೆ ಸ್ವಲ್ಪ ಭರವಸೆ ಬಂತು. ಕೊನೆಗೆ ಚಿಕ್ಕಮಾವ ತುಂಬಾ ಮೆತ್ತಗೆ, "ರಸೆಲ್ ಮಾರ್ಕೆಟ್ ಹಿಂದ್ಗಡೆ ಒಬ್ಬ ರಿಪೇರಿಯವ್ನಿದಾನೆ ಕಣಮ್ಮ, ಅವನಿಗೆ ಕೊಟ್ಬಿಡೋಣ" ಎಂದರು. ಅಡುಗೆಮನೆಯಿಂದ ಅತ್ತೆ, ಹೊತ್ತಾಯಿತು, ಬಂದು ಎಲೆ ಹಾಕು ಎಂದು ಕರೆದರು. ನನಗೆ ಅಳು ಬರುವುದೊಂದು ಬಾಕಿ.

ಕೊನೆಯದಾಗಿ ಸೆಲ್ಲು ಕೂರುವ ಗೂಡಿನ ತುದಿಯ ತಗಡಿಗೆ ಮೀಟರಿನ ಕಡ್ಡಿ ತಾಗಿಸಿದೆ. ಸೆಲ್ಲಿನ ಮೂತಿಯಲ್ಲಿ ಕರೆಂಟಿದೆ, ಅದಕ್ಕೆ ಅಂಟಿಕೊಂಡೇ ಇರುವ ತಗಡಿನಲ್ಲಿಲ್ಲ. ಸೆಲ್ಲನ್ನು ಕಿತ್ತೆ. ಒಣಗಿದ ಚಕ್ಕೆಯೊಂದು ಅಂಗೈ ಮೇಲೆ ಬಿತ್ತು. ಗಂಧದ ವಾಸನೆ ಬಂತು. ಬಗ್ಗಿ ನೋಡಿದರೆ ಗೂಡಿನೊಳಗೆ, ತಗಡಿನ ನಟ್ಟನಡುವೆ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ, ರಾತ್ರಿಯೆಲ್ಲ ಒಣಗಿ ಗಟ್ಟಿಯಾಗಿ ಕೂತಿದೆ. ಗಂಧದ ಮೂಲಕ ಕರೆಂಟು ಹರಿಯುವುದಿಲ್ಲ.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಹತ್ತಿ ಕೆಂಪಾಯಿತು. ತಲೆಯೆತ್ತಿದರೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಹತ್ತಿಯನ್ನೇ ನೋಡುತ್ತಿದ್ದರು. ಚಿಕ್ಕಮಾವ ಏನಾಗಿತ್ತು ಎಂದರು. "ಏನಿಲ್ರಿ, ಲೂಸ್ ಕಾಂಟ್ಯಾಕ್ಟ್" ಎಂದೆ. ಅವಸರದಲ್ಲಿ ನನ್ನ ಧಾರವಾಡ ಹೊರಬಿದ್ದಿತ್ತು. ಗುಂಡಿ ತಿರುಗಿಸಿದೆ, ರೇಡಿಯೊ ಮಾತಾಡಿತು. ತೆಂಗಿನ ನುಸಿ ರೋಗದ ಹತೋಟಿಯ ಬಗ್ಗೆ ಯಾರೋ ವಿವರಿಸುತ್ತಿದ್ದರು. ಹೊಲ ಮಾರಿದವರೆಲ್ಲ ಕೂತು ಅದನ್ನು ಪೂರ್ತಿ ಕೇಳಿದರು.

ಊಟವಾದ ಮೇಲೆ ಎಲೆ ಎತ್ತುವಾಗ ಅತ್ತೆ ಹತ್ತಿರ ಬಂದರು.

"ನಾನಿಟ್ಟ ಗಂಧದಿಂದ್ಲೇ ಅಲ್ವಾ?"

ಹೂಂ ಎಂದೆ. ಪೆಟ್ಟಿಗೆಗೆ ಇಟ್ಟಿದ್ದಿರಲ್ಲ, ಮತ್ತೆ ಬೆನ್ನು ಬಿಚ್ಚಿ ಒಳಗೂ ಯಾಕೆ ಇಟ್ಟಿರಿ ಎಂದು ಕೇಳಿದೆ.

"ಪೆಟ್ಟಿಗೆ ನಂದು. ಒಳಗಿರೋದು ನಿಂದಲ್ವಾ?" ಎಂದರು ಅತ್ತೆ. "ಆ ತಗಡು ಹೊಳೀತಿತ್ತು, ಹಣೆ ಇದ್ದಂಗಿತ್ತು, ಅಲ್ಲೇ ಇಟ್ಟೆ. ಕುಡುಗೋಲಿಗಾದ್ರೆ ಎಲ್ಲಿಟ್ರೂ ನಡೆಯತ್ತೆ. ಮುಂದಿನ ವರ್ಷ ಎಲ್ಲಿಡ್ಬೇಕು ಅಂತ ತೋರ್ಸು."

ನಾನು ಎಲೆಗಳನ್ನು ಹಿಡಿದುಕೊಂಡೇ ಅತ್ತುಬಿಟ್ಟೆ. ಚಿಕ್ಕಮಾವ, ರೇಡಿಯೊ ಸರಿಹೋಯಿತಲ್ಲ, ಈಗೇನಂತೆ ಎಂದು ಕೇಳಿದ್ದು ಕಿವಿಗೆ ಬಿತ್ತು.

ಮುಂದಿನ ವರ್ಷ ತೋರಿಸಲು ಆ ಬೋರ್ಡಿನಲ್ಲಿ ಉಗುರಿನಷ್ಟೂ ಖಾಲಿ ಜಾಗವಿರಲಿಲ್ಲ. ಅಂದಿನಿಂದ ನಾನು ಮಾಡುವ ಬೋರ್ಡುಗಳಿಗೆಲ್ಲ ಒಂದು ಮೂಲೆ ಬಿಡುತ್ತೇನೆ. ಆ ವರ್ಷ ತಯಾರಾದ ಬೋರ್ಡೊಂದು ಹಬ್ಬಕ್ಕೆ ಮನೆಗೆ ಬರುತ್ತದೆ, ಹಾರೆಯ ಪಕ್ಕ ಕೂರುತ್ತದೆ. ಅತ್ತೆಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಕಳೆದ ಹಬ್ಬದಲ್ಲಿ ಬೆರಳಿನಿಂದಲೇ ಮೂಲೆಯನ್ನು ತಡವಿ, ಇದೇ ತಾನೇ, ಇದೇ ತಾನೇ ಎಂದು ಮತ್ತೆ ಮತ್ತೆ ಕೇಳಿದರು. ಬೊಟ್ಟು ಸ್ವಲ್ಪ ಆಚೆ ಹೋಯಿತು. ನಾನು ಸರಿಯಾಗಿದೆ ಎಂದೆ.

ಸಬೀಹಾ ಇನ್ನೂ ಕಾಯುತ್ತಿದ್ದಳು. ಮೆಕ್ಯಾನಿಕಲ್ ಕಾರಣ ಎನ್ನಲು ಬಾಯಿ ತೆರೆದ ನಾನು ಯಾಕೋ ಹಾಗೆ ಹೇಳಲಿಲ್ಲ.

"ತೆಗೀಬೇಡ. ಇನ್ನೂ ಸ್ವಲ್ಪ ದೊಡ್ಡದು ಮಾಡು" ಎಂದೆ.

"ಎಷ್ಟು ಮೇಡಂ?"

"ಒಂದು ಬೆರಳು ಆರಾಮಾಗಿ ಕೂತ್ಕೊಳ್ಳೋ ಅಷ್ಟು."

ಅವಳು ಅಳತೆ ಬರೆಯಲು ಹೊರಟವಳು ನಿಂತಳು. "ಯಾರ ಬೆರಳು ಮೇಡಂ?"

"ನಮ್ಮತ್ತೇದು" ಎಂದೆ.