ಎರಡು ಬೆರಳಿನ ಸಂದು

ಮುಸವೀರ್ ಅವರೊಂದಿಗಿನ ಮೊದಲ ಮಾತುಕತೆ ನಿಗದಿಯಾದದ್ದು ಮೂರನೆಯ ಫೋನ್ ಕರೆಯಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಕಬ್ಬಿಣದ ಕೆಲಸಗಾರರ ಬದುಕನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ನನ್ನ ಕೆಲಸದಲ್ಲಿ ಅವರು ಹದಿನೇಳನೆಯವರು. ಮೊದಲ ಸಲ ಅವರು ಮಾತಾಡದೆ ಕರೆ ಕತ್ತರಿಸಿದರು. ಎರಡನೆಯ ಸಲ, "ಬಂಪರ್ ವಿಚಾರಕ್ಕಲ್ವಾ? ವಿಡಿಯೊ ನೋಡಿ ನಕ್ಕಿದ್ದಾಯ್ತಲ್ಲ, ಇನ್ನು ಮೂತಿ ಬೇರೆ ನೋಡ್ಬೇಕಾ?" ಎಂದರು. ನಾನು ಅಂಥ ಯಾವ ವಿಡಿಯೊವನ್ನೂ ನೋಡಿರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಕರೆ ಮುಗಿದಿತ್ತು. ಮೂರನೆಯ ಸಲ ಫೋನ್ ಎತ್ತಿದವರು ಅವರ ತಂಗಿ ಹುಮೇರಾ. ಹುಣಸೂರಿನ ಅವರ ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ ಇಟ್ಟಿರುವವರು.

"ಅಣ್ಣ ಮಾತಾಡ್ತಾರೆ ಸಾರ್, ನಾನು ಒಪ್ಸಿದೀನಿ. ಆದ್ರೆ ಒಂದ್ ಕಂಡೀಷನ್ನು. ಅವ್ರು ಬೈದಿದ್ದನ್ನ ನೀವು ಅಂದ ಮಾಡಿ ಬರೀಬಾರ್ದು. ಬುಧವಾರ ಬನ್ನಿ. ಗುರುವಾರ ಬಂದ್ರೂ ಸೈ. ಈಗ ನಮ್ಗೆ ಎಲ್ಲಾ ದಿನಾನೂ ಒಂದೇ."

೨೦೨೪ರ ಆಗಸ್ಟ್ ೭ರಂದು, ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ವೆಲ್ಡಿಂಗ್ ಅಂಗಡಿಯೊಂದರಲ್ಲಿ ಆ ಹೊತ್ತಿಗೆ ಕೇಳಬೇಕಾದ ಸದ್ದು ಯಾವುದೂ ಅಲ್ಲಿರಲಿಲ್ಲ. ಮುಸವೀರ್ ಖಾಲಿ ಅಂಗಳವನ್ನು ಎರಡನೆಯ ಸಲ ಗುಡಿಸುತ್ತಿದ್ದರು.

ಅವರಿಗೆ ನಲವತ್ತೈದು ವರ್ಷ. ತಂದೆ ಗಯಾಸುದ್ದೀನ್ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ತಗಡಿನ ಕೊಳವೆ ಮಾಡುತ್ತಿದ್ದವರು. ಸೊಪ್ಪು ಹದ ಮಾಡುವ ಆ ಎತ್ತರದ ಮನೆಗಳಲ್ಲಿ ಒಲೆಯ ಬಿಸಿ ನೆಲದುದ್ದಕ್ಕೂ ಈ ಕೊಳವೆಗಳೊಳಗೆ ಹರಿಯಬೇಕು, ಹೊಗೆ ಮಾತ್ರ ಹೊರಬರಬಾರದು. ಒಂದು ಬೆಸುಗೆ ಬಿಟ್ಟರೂ ಮೇಲೆ ತೂಗುಹಾಕಿದ ಸೊಪ್ಪಷ್ಟೂ ಹೊಗೆ ಕುಡಿದು ಹಾಳು. ಆದ್ದರಿಂದ ಗಯಾಸುದ್ದೀನ್ ಪ್ರತಿ ಕೊಳವೆಯ ಒಂದು ಬಾಯಿ ಮುಚ್ಚಿ ಒಳಗೆ ನೀರು ತುಂಬಿಸಿ, ರೈತನ ಎದುರಿಗೇ ಒಂದು ಗಂಟೆ ನಿಲ್ಲಿಸುತ್ತಿದ್ದರಂತೆ. ಮುಸವೀರ್ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಎರಡು ಸಲ ಬಿದ್ದು, ಆ ನೀರು ತುಂಬಿಸುವ ಕೆಲಸಕ್ಕೆ ಸೇರಿದರು. ಆಮೇಲೆ ಮೈಸೂರಿನಲ್ಲಿ ಆರು ವರ್ಷ ಲಾರಿಗಳಿಗೆ ಬಾಡಿ ಕಟ್ಟಿ, ೨೦೦೬ರಲ್ಲಿ ಊರಿಗೆ ಮರಳಿ ಟ್ರಾಕ್ಟರ್ ಟ್ರೈಲರ್‌ಗಳ ಕೆಲಸಕ್ಕೆ ನಿಂತರು. ಸೊಪ್ಪಿನ ಹೊರೆ, ಕಬ್ಬು, ಭತ್ತದ ಮೂಟೆ ಹೊತ್ತು ರಸ್ತೆಯಲ್ಲಿ ಸಾಗುವ ಟ್ರೈಲರ್ ಟ್ರಾಕ್ಟರಿನಿಂದ ಕಳಚಿಕೊಂಡರೆ ಹಿಂದೆ ಬರುವವರ ಗತಿ ಏನೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಬೆಸೆಯುವವನ ಹೆಸರು ಕೇಳಿಯೇ ಟ್ರೈಲರ್ ತರುತ್ತಾರೆ.

ಜೀಪು, ಪಿಕಪ್‌ಗಳ ಶೋಕಿ ಬಂದದ್ದು ಈಚೆಗೆ. ಅದರ ಬಗ್ಗೆ ಮಾತಾಡುವಾಗ ಮುಸವೀರ್ ಮುಖ ಸಿಂಡರಿಸುತ್ತಾರೆ.

"ನೀರಲ್ಲಿ ಮುಳುಗಿದ್ರೂ ಇಂಜಿನ್ ಉಸಿರಾಡ್ಲಿ ಅಂತ ಕೊಳವೆ ಹಾಕಿಸ್ತಾರೆ. ಆ ಗಾಡಿ ಕಂಡಿರೋ ನೀರು ಯಾವುದು ಗೊತ್ತಾ? ವಾಟರ್ ಸರ್ವೀಸ್ ಮಾಡ್ಸೋ ನೀರು. ಬೆಟ್ಟ ಹತ್ತೋ ಟೈರ್ ಹಾಕ್ಸಿ ಬೇಕ್ರಿಗೆ ಹೋಗಿ ಪಪ್ಸ್ ತಿನ್ಕೊಂಡ್ ಬರ್ತಾರೆ. ಎಚ್.ಡಿ. ಕೋಟೆ ಕಡೆ, ಹಂಪಾಪುರದ ಹತ್ರ ಒಂದ್ಸಲ ಕರ್ಕೊಂಡ್ ಹೋಗಿದ್ರು ನನ್ನ. ಹದಿನಾರು ಗಾಡಿ. ಮಳೆ ಬಂದಿಲ್ಲ, ಕೆಸರಿಲ್ಲ. ಏನ್ ಮಾಡಿದ್ರು? ಎರಡು ಟ್ಯಾಂಕರ್ ನೀರು ತರ್ಸಿ ಹೊಲಕ್ಕೆ ಬುಟ್ರು ಸಾರ್! ಕೆಸರು ಮಾಡಿ, ಅದ್ರಲ್ಲಿ ಸಿಗಾಕ್ಕೊಂಡು, ಆಮೇಲೆ ಎಳ್ಕೊಂಡು ಬಂದು ಕೈ ತಟ್ಟಿದ್ರು. ಪಕ್ಕದ ಹೊಲದಲ್ಲಿ ಅಜ್ಜಿ ಒಬ್ರು ಕೊಡ ಹಿಡ್ಕೊಂಡು ನಿಂತು ನೋಡ್ತಿದ್ರು. ಆ ನೀರನ್ನ ಅವರ ಮೆಣಸಿನ ಗಿಡಕ್ಕಾದ್ರೂ ಬುಟ್ಟಿದ್ರೆ ಆಗ್ತಿತ್ತು."

ಇಂಥವರ ಪೈಕಿ ಒಬ್ಬ ತೇಜಸ್. ಪಿರಿಯಾಪಟ್ಟಣದ ಕಡೆ ಹನ್ನೆರಡು ಎಕರೆ ಹೊಗೆಸೊಪ್ಪು ಬೆಳೆಯುವ ನಂಜುಂಡಸ್ವಾಮಿ ಅವರ ಮಗ, ಇಪ್ಪತ್ತಾರು ವರ್ಷದವನು. ನಾಲ್ಕೂ ಚಕ್ರ ಎಳೆಯುವ ಪಿಕಪ್ ಕೊಂಡಿದ್ದ. ಅದರ ಹಿಂದಿನ ತೊಟ್ಟಿಗೆ ಬೀಗ ಹಾಕಿದ ಮುಚ್ಚಳವಿತ್ತು, ಒಳಗೆ ಗೀರು ಬೀಳಬಾರದೆಂದು. ೨೦೨೪ರ ಮೇ ತಿಂಗಳಲ್ಲಿ ಅವನು ಎರಡು ಪೆಟ್ಟಿಗೆಗಳೊಂದಿಗೆ ಮುಸವೀರ್ ಅಂಗಡಿಗೆ ಬಂದ. ಒಂದರಲ್ಲಿ ಉಕ್ಕಿನ ಬಂಪರ್. ಇನ್ನೊಂದರಲ್ಲಿ ವಿಂಚ್, ಅಂದರೆ ಬ್ಯಾಟರಿಯ ಬಲದಿಂದ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತ ಭಾರ ಎಳೆಯುವ ಯಂತ್ರ. ಬಂಪರನ್ನು ಗಾಡಿಗೆ ಸಿಕ್ಕಿಸಲೆಂದು ಅದರೊಂದಿಗೆ ಬಂದಿದ್ದ ಎರಡು ಪಟ್ಟಿಗಳನ್ನು ಮುಸವೀರ್ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಬಗ್ಗಿದವು.

"ಇದು ಕ್ಯಾಲೆಂಡರ್ ತೂಗಾಕಕ್ಕೆ ಸರಿ. ವಿಂಚ್ ಎಳೆಯೋದು ಬಂಪರ್ ಅಲ್ಲಪ್ಪ, ಚಾಸಿ. ಚಾಸಿಗೆ ಹತ್ತು ಎಮ್ಮೆಮ್ ಪ್ಲೇಟ್ ಹಾಕ್ತೀನಿ, ಅದಕ್ಕೆ ಬಂಪರ್ ಕೂರ್ಸ್ತೀನಿ. ಅಷ್ಟಾದ್ಮೇಲೂ ರಸ್ತೇಲಿ ಪೊಲೀಸ್ನೋರು ಹಿಡಿದು ಬಿಚ್ಚಿಸಿದ್ರೆ ನನ್ನ ಕೇಳ್ಬಾರ್ದು."

ನಾಲ್ಕು ದಿನ ಕೆಲಸ ನಡೆಯಿತು. ಚಾಸಿಯ, ಅಂದರೆ ಗಾಡಿಯ ಅಡಿಕಟ್ಟಿನ, ಎರಡೂ ಬದಿಗೆ ಒಂದೊಂದು ಪ್ಲೇಟು, ಒಂದೊಂದಕ್ಕೆ ನಾಲ್ಕು ಬೋಲ್ಟು. ಆ ಪ್ಲೇಟುಗಳ ಮುಂತುದಿಗೆ ಮತ್ತೆ ನಾಲ್ಕು ಬೋಲ್ಟಿನಿಂದ ಬಂಪರಿನ ಹಿಂಬದಿಯಿಂದ ಚಾಚಿದ ಒಳಕಿವಿಗಳು. ಮುಂದೆ ಹೆಚ್ಚಿದ ತೂಕಕ್ಕೆ ಬೇರೆ ಸ್ಪ್ರಿಂಗ್. ಅಂಗಡಿಯ ಎದುರಿನ ಹಳೆಯ ರೋಡ್ ರೋಲರಿಗೆ ಹಗ್ಗ ಕಟ್ಟಿ, ತೇಜಸ್‌ನ ಎದುರಿಗೇ ವಿಂಚ್ ಎಳೆಸಿ ತೋರಿಸಿದರು. ತಂದೆಯ ನೀರು ತುಂಬುವ ಪದ್ಧತಿಯೇ ಇದು ಎಂದು ಅವರು ನನಗೆ ವಿವರಿಸಿದರು. ಎಲ್ಲವೂ ನಿಂತಿತು. ಆದರೆ ಬಂಪರಿಗೂ ಗಾಡಿಯ ಮೂತಿಗೂ ನಡುವೆ ಎರಡು ಬೆರಳಿನ ಸಂದು ಉಳಿಯಿತು.

"ಭಾಯ್, ಈ ಗ್ಯಾಪ್ ಏನಿದು? ಫೋಟೋದಲ್ಲಿ ಹಲ್ಲು ಉಬ್ಬಿದಂಗೆ ಕಾಣುತ್ತೆ ಕಣ್ರೀ."

"ಪ್ಲೇಟ್ ಇರೋದ್ರಿಂದ ಗ್ಯಾಪ್ ಇದೆ. ಗ್ಯಾಪ್ ಬೇಡ ಅಂದ್ರೆ ಪ್ಲೇಟ್ ಬೇಡ. ಪ್ಲೇಟ್ ಬೇಡ ಅಂದ್ರೆ ವಿಂಚ್ ಮನೇಲಿಡು, ಶೋಕೇಸಲ್ಲಿ."

ತೇಜಸ್ ನಕ್ಕು ಗಾಡಿ ತೆಗೆದುಕೊಂಡು ಹೋದ. ಮೈಸೂರಿನ ಒಂದು ಅಂಗಡಿಯವರು ಅವನ ಅಳಲನ್ನು ಒಂದೇ ಮಧ್ಯಾಹ್ನದಲ್ಲಿ ಪರಿಹರಿಸಿದರು. ಬಂಪರಿನ ಒಳಕಿವಿಗಳನ್ನು ಕತ್ತರಿಸಿ, ಹಿಂದಕ್ಕೆ ತಳ್ಳಿ, ಪೆಟ್ಟಿಗೆಯಲ್ಲಿ ಬಂದಿದ್ದ ಆ ಎರಡು ಪಟ್ಟಿಗಳಿಗೇ ತೂಗುಹಾಕಿದರು. ಸಂದು ಮಾಯವಾಯಿತು. ಫೋಟೋಗಳು ಬಹಳ ಚೆನ್ನಾಗಿ ಬಂದವೆಂದು ತೇಜಸ್ ಆಮೇಲೆ ನನ್ನೆದುರೇ ಹೇಳಿದ. ಆ ಮಾತಿನಲ್ಲಿ ಅವನಿಗೆ ಯಾವ ನಾಚಿಕೆಯೂ ಇರಲಿಲ್ಲ.

ಜುಲೈ ೨೮, ಭಾನುವಾರ. ಕೆ.ಆರ್. ನಗರದ ಕಡೆ ನಾಲೆಯ ಕೆಳಗಿನ ಬಯಲಿನಲ್ಲಿ ನಾಟಿಗೆ ಗದ್ದೆ ಕಲಸುವ ಕೆಲಸ. ಬಾಡಿಗೆಗೆ ಉಳುತ್ತಿದ್ದ ಗಾವಡಗೆರೆಯ ಜವರಯ್ಯನವರ ಟ್ರಾಕ್ಟರ್ ಕೆಸರಿನಲ್ಲಿ ಹೂತುಕೊಂಡಿತು. ಇದು ಆ ಬಯಲಿನಲ್ಲಿ ವರ್ಷವೂ ಆಗುವ ಸಂಗತಿ, ಅದಕ್ಕೆ ವರ್ಷವೂ ಮಾಡುವ ಉಪಾಯವೂ ಒಂದಿದೆ: ಉದ್ದನೆಯ ಮರದ ತುಂಡನ್ನು ಹಿಂದಿನ ಎರಡು ಗಾಲಿಗಳಿಗೆ ಅಡ್ಡಲಾಗಿ ಸರಪಳಿಯಿಂದ ಬಿಗಿದು ನಿಧಾನ ಚಲಾಯಿಸಿದರೆ, ಗಾಲಿ ಆ ತುಂಡಿನ ಮೇಲೆ ತಾನೇ ಹತ್ತಿಕೊಳ್ಳುತ್ತದೆ. ಜವರಯ್ಯ ತುಂಡು ತರಲು ಹೊರಟಿದ್ದರು. ಸೋದರಮಾವನ ಮನೆಗೆಂದು ಅಲ್ಲಿಗೆ ಬಂದಿದ್ದ ತೇಜಸ್ ಅವರನ್ನು ತಡೆದ.

"ಅದೆಲ್ಲ ಹಳೇ ಕಾಲದ್ದು, ನಿಲ್ಲಿ. ಎರಡೇ ನಿಮಿಷ."

ಜವರಯ್ಯ ಇದನ್ನು ನನಗೆ ಹೇಳಿದ್ದು ಹೀಗೆ: "ಏರಿ ಮ್ಯಾಲೆ ಗಾಡಿ ನಿಲ್ಸುದ. ಅಗ್ಗ ಎಳದ. ನನ್ನ ಟ್ರಾಕ್ಟ್ರು ಅಳ್ಳಾಡ್ಲಿಲ್ಲ, ಅವನ ಗಾಡೀನೇ ನನ್ನ ಕಡೀಕೆ ಜಾರ್ಕಂಡ್ ಬಂತು. ಖಾಲಿ ಗಾಡಿ, ಇನ್ನೇನಾಯ್ತದೆ? ಇಂದಕ್ಕೆ ನಾಕು ಕಲ್ಲು ಏರಣ್ಣೋ, ಬಾರ ಬರ್ಲಿ ಅಂದೆ. ಬ್ಯಾಡ, ಗೀರಾಯ್ತದೆ ಅಂದ. ಆಮ್ಯಾಲೆ ಗಾಡಿ ಇಂದ್ಗಡೆನ ತೆಂಗಿನ ಮರಕ್ಕೆ ಕಟ್ದ. ಇನ್ನೊಬ್ಬನ ಕೈಗೆ ಫೋನ್ ಕೊಟ್ಟು, ತಗೀಲಾ ವಿಡಿಯೊ ಅಂದ. ತಗುದ ಅವನೂ!"

ಹಿಂದೆ ತೆಂಗಿನ ಮರ, ಮುಂದೆ ಹೂತ ಟ್ರಾಕ್ಟರ್; ಎರಡೂ ಅಲುಗಲಿಲ್ಲ. ನಡುವೆ ದುರ್ಬಲವಾಗಿದ್ದದ್ದು ಆ ಎರಡು ಪಟ್ಟಿಗಳು. ಬಂಪರ್ ತನ್ನ ವಿಂಚ್, ಆರು ದೀಪ, ನಂಬರ್ ಫಲಕ ಸಮೇತ ಕಿತ್ತುಕೊಂಡು ಗದ್ದೆಗೆ ಹಾರಿ ಕೆಸರಿನಲ್ಲಿ ಮೂತಿ ಹೂತು ಕುಳಿತಿತು. ಆಮೇಲೆ ಜವರಯ್ಯ ತುಂಡು ತಂದು ಕಟ್ಟಿ, ಹತ್ತು ನಿಮಿಷದಲ್ಲಿ ಟ್ರಾಕ್ಟರನ್ನು ಮೇಲೆ ತಂದರು. ಆ ಭಾಗ ವಿಡಿಯೊದಲ್ಲಿಲ್ಲ. ವಿಡಿಯೊದಲ್ಲಿರುವುದು ಬಂಪರ್ ಹಾರಿದ್ದು, ಜನ ನಕ್ಕದ್ದು, ಮತ್ತು ತೇಜಸ್‌ನ ಸ್ಪಷ್ಟವಾದ ಧ್ವನಿ: "ಹುಣಸೂರಲ್ಲಿ ಮುಸವೀರ್ ಭಾಯ್ ಹತ್ರ ಹಾಕ್ಸಿದ್ದು ಕಣ್ಲಾ, ನೋಡು ಅವನ ಕೆಲ್ಸಾನ!"

ವಿಡಿಯೊ ನಾಲ್ಕು ತಾಲ್ಲೂಕುಗಳಲ್ಲೂ ತಿರುಗಿತು. ಬಂಪರನ್ನೇ ನಿಲ್ಲಿಸಲಾರದವನ ಬೆಸುಗೆ ಸೊಪ್ಪಿನ ಟ್ರೈಲರನ್ನು ನಿಲ್ಲಿಸುತ್ತದೆಯೇ ಎಂದು ಜನ ಕೇಳಿದರು. ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಕಟ್ಟಲು ಒಪ್ಪಿಕೊಂಡಿದ್ದ ಮೂರು ಟ್ರೈಲರ್‌ಗಳನ್ನು ಮಾಲೀಕರು ಬೇರೆ ಕಡೆ ಒಯ್ದರು. ಹದಿನೆಂಟು ವರ್ಷದ ಹೆಸರನ್ನು ಹನ್ನೊಂದು ಸೆಕೆಂಡಿನ ವಿಡಿಯೊ ತಿಂದುಹಾಕಿತು. ತೇಜಸ್‌ಗೆ ಮುಸವೀರ್ ಆರು ಸಲ ಫೋನ್ ಮಾಡಿದರು, ಆತ ಎತ್ತಲಿಲ್ಲ. ಕಡೆಗೆ ಅವರು ಅವನ ತಂದೆಗೆ ಫೋನ್ ಮಾಡಿ ಕೇಳಿದ್ದು ಒಂದೇ: ಗಾಡಿಯನ್ನು ಒಮ್ಮೆ ವಾಟರ್ ಸರ್ವೀಸಿನವರು ಅಡಿಭಾಗ ನೋಡುವ ಗುಂಡಿಯ ಮೇಲೆ ನಿಲ್ಲಿಸಿ, ನಾಲ್ಕು ಜನ ಕೆಳಗಿಳಿದು ನೋಡಲಿ.

ಆಗಸ್ಟ್ ೨೨ರ ಗುರುವಾರ, ಹುಣಸೂರಿನ ಒಂದು ವಾಟರ್ ಸರ್ವೀಸ್ ಅಂಗಳಕ್ಕೆ ನಂಜುಂಡಸ್ವಾಮಿ ತಾವೇ ಗಾಡಿ ತಂದರು. ಮಗ ಪಕ್ಕದ ಸೀಟಿನಲ್ಲಿ ಫೋನ್ ನೋಡುತ್ತ ಕುಳಿತಿದ್ದ. ಜವರಯ್ಯ, ಟ್ರೈಲರ್ ಬೇರೆ ಕಡೆ ಒಯ್ದಿದ್ದ ಇಬ್ಬರು ರೈತರು, ನಾನು, ಇಷ್ಟು ಜನ ಸೇರಿದ್ದೆವು.

"ಬ್ಯಾರನ್‌ಗೆ ಒಂದ್ ಲೋಡ್ ಸೌದೆ ತತ್ತಾರ್ಲಾ ಅಂದ್ರೆ ಪೇಂಟ್ ಓಯ್ತದೆ ಅಂತಾನೆ ಸಾಬ್ರೇ," ಎಂದರು ನಂಜುಂಡಸ್ವಾಮಿ ಇಳಿಯುತ್ತಲೇ. "ಈಗ ಮೂತೀನೇ ಓಗ್ಯದೆ, ನೋಡಿ. ನಮ್ಮೂರ ಎಮ್ಮೆಗಳೂ ನೋಡಿ ಎದುರ್ಕತವೆ."

ಮುಸವೀರ್ ಗುಂಡಿಗೆ ಇಳಿದು ಟಾರ್ಚ್ ಹಿಡಿದರು, ನಾವೂ ಹಿಂದೆಯೇ ಇಳಿದೆವು. ಪ್ಲೇಟುಗಳೆರಡೂ ಚಾಸಿಗೆ ಅಂಟಿಕೊಂಡೇ ಇದ್ದವು, ಎಂಟು ಬೋಲ್ಟುಗಳೂ ಇದ್ದವು. ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಒಂದೊಂದು ಕೆಂಪು ಗೆರೆ.

"ಇದೇನು ಸಾಬ್ರೇ, ಕುಂಕುಮನಾ?" ಎಂದರು ಜವರಯ್ಯ ಕತ್ತೆತ್ತಿ.

"ತಂಗಿ ಉಗುರಿಗೆ ಹಾಕೋ ಬಣ್ಣ. ಬಿಗಿ ಮಾಡಿ ಗೆರೆ ಎಳೀತೀನಿ. ಬೋಲ್ಟು ಕೂದಲೆಳೆ ತಿರುಗಿದ್ರೂ ಗೆರೆ ಮುರಿಯುತ್ತೆ. ಮುರಿದಿದ್ಯಾ ನೋಡಿ, ಎಂಟೂ ನೋಡಿ. ಈಗ ಈ ಮುಂದಿನ ನಾಲ್ಕು ತೂತು ನೋಡಿ. ಬಂಪರ್ ಕೂತಿದ್ದದ್ದು ಇಲ್ಲಿ. ಇಲ್ಲಿಂದ ಕಿತ್ತಿದ್ರೆ ತೂತು ಹರ್ದು ಉದ್ದ ಆಗ್ಬೇಕಿತ್ತು. ಬೆರಳು ಹಾಕಿ, ಯಜಮಾನ್ರೇ."

ನಂಜುಂಡಸ್ವಾಮಿ ಬೆರಳು ಹಾಕಿದರು. ತೂತುಗಳು ದುಂಡಗಿದ್ದವು. ಅವರು ಒಂದು ಕ್ಷಣ ಬೆರಳನ್ನು ಅಲ್ಲೇ ಇಟ್ಟುಕೊಂಡು, "ಲೇ ತೇಜಸ್, ಇಳಿಯೋ ಕೆಳಕ್ಕೆ," ಎಂದು ಕೂಗಿದರು. ಅವನು ಇಳಿದು ಬಂದ. ಮೈಸೂರಿನ ಅಂಗಡಿಯ ವಿಷಯ ಆಗ ಹೊರಬಿತ್ತು.

"ಹೋಗ್ಲಿ ಬುಡಿ ಭಾಯ್, ಏನೋ ಜೋಶಲ್ಲಿ ಅಂದ್ಬುಟ್ಟೆ."

"ಎಲ್ಲಿಗೆ ಹೋಗ್ಲಿ? ನಿನ್ನ ವಿಡಿಯೊ ಹೋದ ಕಡೆಗೆಲ್ಲ ಇದೂ ಹೋಗ್ಲಿ. ತಗೋ ಫೋನು, ಇಲ್ಲೇ ನಿಂತು ಹೇಳು."

"ನಾನೇ ಕಿತ್ತಾಕ್ಸಿದ್ದು ಅಂತ ಹೆಂಗ್ ಹೇಳ್ಲಿ? ನನ್ನ ಪೇಜ್‌ಗೆ ಹದಿನಾಲ್ಕು ಸಾವ್ರ ಜನ ಇದಾರೆ. ಮರ್ಯಾದೆ ಪ್ರಶ್ನೆ."

 ಜವರಯ್ಯ ನಕ್ಕರು. ನಗು ಕೆಮ್ಮಾಗುವವರೆಗೂ ನಕ್ಕರು. "ಮರ್ಯಾದೆನಾ? ಅದು ಆ ಗದ್ದೆ ಕೆಸ್ರಲ್ಲಿ ಬಿದ್ದದೆ, ಬಂದು ಎತ್ಕಂಡೋಗಣ್ಣೋ. ವಿಂಚ್ ಮಾತ್ರ ತರ್ಬ್ಯಾಡ."

ಈ ಬರಹ ಮುಗಿಸುವವರೆಗೂ ತೇಜಸ್ ತಿದ್ದುಪಡಿಯ ವಿಡಿಯೊ ಹಾಕಿಲ್ಲ. ಹಳೆಯದನ್ನು ತೆಗೆದೂ ಇಲ್ಲ. ಅದನ್ನು ಈಗಲೂ ಜನ ನೋಡುತ್ತಿದ್ದಾರೆ. ಗುಂಡಿಗೆ ಇಳಿದವರ ಬಾಯಿಂದ ಎಷ್ಟು ಹರಡಿತೋ ಅಷ್ಟೇ ಮುಸವೀರ್ ಅವರ ಪಾಲಿಗೆ ದಕ್ಕಿತು. ಇನ್ನು ಬಂಪರ್ ಹಾಕುವುದಿಲ್ಲವೆಂದು ಅವರು ಹೇಳುತ್ತಾರೆ. "ಎಳೆಯೋ ಗಾಡಿ ತನ್ನಿ ಸಾರ್, ಮಾಡ್ತೀನಿ. ಫೋಟೋಗೆ ನಿಲ್ಲೋ ಗಾಡಿಗೆ ಸ್ಟುಡಿಯೊ ಇದೆ."

೨೦೨೪ರ ಸೆಪ್ಟೆಂಬರ್ ೨, ಸೋಮವಾರ: ಟ್ರೈಲರನ್ನು ಟ್ರಾಕ್ಟರಿಗೆ ಸಿಕ್ಕಿಸುವ ಕೊಂಡಿಯನ್ನು ಹೊಸದಾಗಿ ಬೆಸೆಯಿಸಲು ಜವರಯ್ಯನವರು ತಮ್ಮ ಟ್ರೈಲರನ್ನು ಮುಸವೀರ್ ಅವರ ಅಂಗಡಿಗೆ ತಂದರು. ಜುಲೈ ೨೮ರ ನಂತರ ಅಲ್ಲಿಗೆ ಬಂದ ಮೊದಲ ಟ್ರೈಲರ್ ಅದು.