ಸೂಜಿಯಕ್ಕನ ಬಲಗಣ್ಣು

ಬಿಕ್ಕಳಿಕೆಗೆ ಗ್ಯಾಸ್ಟ್ರಿಕ್ ಟಾನಿಕ್ ಬರೆದುಕೊಟ್ಟ ಆ ಡಾಕ್ಟರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅಕ್ಕ ಹನ್ನೊಂದು ದಿನ ಬಿಡದೆ ಬಿಕ್ಕಿದಳು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. "ಯಾರೋ ನಿನ್ನ ಭಾರೀ ನೆನೆಸ್ಕೋತಿದಾರೆ" ಅಂತ ನಾನೂ ನಕ್ಕೆ ಅನ್ನಿ. ಆದರೆ ನಾನು ಇಸ್ತ್ರಿಯವನು. ಓದಿದವನು ಅವಳ ಮುಖ ಕೂಡ ನೋಡದೆ "ಖಾರ ಕಮ್ಮಿ ಮಾಡಿ" ಅಂದುಬಿಟ್ಟ. ಹನ್ನೆರಡನೇ ದಿನ ಬಿಕ್ಕಳಿಕೆ ತಾನಾಗಿ ನಿಂತಿತು, ಹೆಸರು ಟಾನಿಕ್ಕಿಗೆ ಬಂತು.

ನಮ್ಮದು ರಫು ಅಂಗಡಿ. ಹರಿದ ಬಟ್ಟೆಯನ್ನು ಎಳೆಗೆ ಎಳೆ ಕೂಡಿಸಿ, ಹರಿದೇ ಇಲ್ಲವೇನೋ ಅನ್ನುವ ಹಾಗೆ ಮಾಡುವ ಕೆಲಸ. ಸೂಜಿ ಅಕ್ಕನದು. ಇಸ್ತ್ರಿ, ಗಿರಾಕಿಗಳ ಜೊತೆ ಜಗಳ ನನ್ನವು. ಬೀದಿಗೆಲ್ಲ ಅವಳು ಸೂಜಿಯಕ್ಕ. ಮದುವೆ ಆಗಲಿಲ್ಲ. "ನೋಡೋಕೆ ಬಂದ ಗಂಡುಗಳ ಕೋಟಿನ ತೂತೇ ಮೊದ್ಲು ಕಣ್ಣಿಗೆ ಬೀಳ್ತಿತ್ತು ಕಣೋ" ಅನ್ನುತ್ತಿದ್ದಳು. ಅಂಗಡಿ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು, ಊಟ ನಮ್ಮ ಮನೆಯಿಂದ.

ಅವಳು ಕೂತುಕೊಳ್ಳುವುದಕ್ಕೇ ಒಂದು ರೀತಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥ ಭೂತಗನ್ನಡಿ ಬಲಗಣ್ಣಿಗೆ. ಅದರಲ್ಲಿ ಬಟ್ಟೆ ನೋಡಿ ಬಣ್ಣ ಮನಸ್ಸಿಗೆ ತಗೊಳ್ಳುವಳು. ಆಮೇಲೆ ಆ ಕಣ್ಣು ಮುಚ್ಚಿ, ದಾರದ ಉಂಡೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ಬರಿಯ ಎಡಗಣ್ಣಲ್ಲಿ ಆರಿಸುವಳು. ಬಟ್ಟೆ ಬಲಗಣ್ಣಿಗೆ, ದಾರ ಎಡಗಣ್ಣಿಗೆ. ಮೂವತ್ತು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ಬಿಕ್ಕಳಿಕೆ ನಿಂತ ಎರಡು ತಿಂಗಳಿಗೆ ಬ್ಯಾಂಡ್ ಮಾಸ್ತರರ ಕೆಂಪು ಕೋಟು ಬಂತು, ಎದೆಯ ಮೇಲೆ ಸಿಗರೇಟಿನ ತೂತು. ರಫು ಆದಮೇಲೆ ಮಾಸ್ತರರು ಕೋಟು ತೊಟ್ಟು ಕನ್ನಡಿಗೆ ನಿಂತರು.

"ಏನಮ್ಮ, ಎದೆಗೆ ಇಟ್ಟಿಗೆ ಚೂರು ಮೆತ್ತಿದ್ದೀರಾ?"

ನಿಜ. ಕಡುಗೆಂಪಿನ ನಡುವೆ ಮಾಸಿದ ಇಟ್ಟಿಗೆ ಬಣ್ಣದ ದಾರ. ಅಕ್ಕ ಭೂತಗನ್ನಡಿ ಹಾಕಿ ನೋಡಿದಳು, ತೆಗೆದು ನೋಡಿದಳು. "ಆರಿಸುವಾಗ ಸರಿಯಾಗಿತ್ತಲ್ಲೋ" ಅಂದಳು.

ನನ್ನ ತಲೆ ಕೆಟ್ಟಿತು. "ಕುರುಡಿ! ಕಣ್ಣು ಕಾಣದವಳಿಗೆ ಸೂಜಿ ಯಾಕೆ? ನಾನು ಕರೆಯೋ ತನಕ ಅಂಗಡಿ ಮೆಟ್ಟಿಲು ತುಳೀಬೇಡ!" ಮಾಸ್ತರರು ಕೋಟಿನ ಗುಂಡಿಯನ್ನೇ ನೋಡುತ್ತ ನಿಂತರು. ಅಕ್ಕ ಭೂತಗನ್ನಡಿಯನ್ನು ದಾರದ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಮೇಲಕ್ಕೆ ಹೋದಳು.

ನಾನು ಕರೆಯಲಿಲ್ಲ. ಒಂಬತ್ತನೇ ದಿನ ಊಟ ಕೊಟ್ಟು ಬಂದ ನನ್ನ ಹೆಂಡತಿ, "ಅತ್ತಿಗೆಗೆ ಕಣ್ಣು ಹೊರಳಿಸಿದ್ರೆ ನೋವಂತೆ. ಹೋಗಿ ನೋಡ್ರೀ" ಅಂದಳು. "ನಾಟಕ" ಅಂದೆ. ಮರುದಿನ ಕಾಲು ಕೇಳಲಿಲ್ಲ, ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ "ಯಾರು?" ಅಂದಳು.

ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಮೇಜಿನ ಮೇಲಿದ್ದ ನೀರಿನ ಬಾಟಲಿಯ ಕೆಂಪು ಮುಚ್ಚಳ ಬಿಚ್ಚಿ ಹಿಡಿದರು. "ಒಂದು ಕಣ್ಣು ಮುಚ್ಚಿ. ಏನು ಬಣ್ಣ?"

"ಬಲಗಣ್ಣಿಗೆ ಬೂದಿ. ಮೊದಲು ಇಟ್ಟಿಗೆ ಥರ ಇತ್ತು." ಕಣ್ಣು ಬದಲಿಸಿದಳು. "ಎಡಗಣ್ಣಿಗೆ ನಿನ್ನೆವರೆಗೂ ಕೆಂಪಿತ್ತು. ಇವತ್ತು... ಇಟ್ಟಿಗೆ."

ನನಗೆ ಕೋಟು ಕಣ್ಣಿಗೆ ಕಟ್ಟಿತು. ಬಲಗಣ್ಣು ಕೆಂಪು ಕೋಟನ್ನು ಇಟ್ಟಿಗೆ ಅಂದಿತ್ತು, ಎಡಗಣ್ಣು ಅದಕ್ಕೆ ಸರಿಯಾಗಿ ಇಟ್ಟಿಗೆ ದಾರವನ್ನೇ ಆರಿಸಿತ್ತು.

"ಈಚೆಗೆ ನಿಲ್ಲದ ಬಿಕ್ಕಳಿಕೆ, ವಾಂತಿ ಏನಾದರೂ ಇತ್ತಾ?" ಅಂತ ಅವರು ಕೇಳಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವರು ಬಿಡಿಸಿ ಹೇಳಿದರು: ನರಗಳನ್ನು ಸಾಕುವ ಜೀವಕೋಶಗಳಿಗೆ ನೀರು ಹೋಗಿಬರುವ ಸಣ್ಣ ಬಾಗಿಲುಗಳಿವೆಯಂತೆ. ಮೈಯ ಕಾವಲುಗಾರರೇ ಆ ಬಾಗಿಲನ್ನು ಕಳ್ಳ ಅಂದುಕೊಂಡು ಬಡಿಯುತ್ತಾರಂತೆ. ಮಿದುಳಿನ ಬುಡದಲ್ಲಿ ಬಡಿದರೆ ಬಿಕ್ಕಳಿಕೆ, ಕಣ್ಣಿನ ನರದಲ್ಲಿ ಬಡಿದರೆ ಕುರುಡು, ಬೆನ್ನುಹುರಿಯಲ್ಲಿ ಬಡಿದರೆ ಕಾಲು ಬೀಳುತ್ತದೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಆದರೆ ಫಲಿತಾಂಶಕ್ಕೆ ಕಾಯುವ ಹಾಗಿಲ್ಲ, ಇವತ್ತೇ ಮದ್ದು ಶುರು ಅಂದರು.

ಆಮೇಲೆ ಪೆನ್ನು ಹಿಡಿದು, "ಯಾಕೆ ಇಷ್ಟು ತಡ? ಈ ಕಾಯಿಲೇಲಿ ಒಂದೊಂದು ದಿನಕ್ಕೂ ಬೆಲೆ ಇದೆ" ಅಂದರು.

ನಾನು ಫ್ಯಾನ್ ನೋಡಿದೆ.

"ನಾನೇ ಉದಾಸೀನ ಮಾಡಿದೆ ಡಾಕ್ಟ್ರೇ. ಇವನಿಗೆ ಹೇಳ್ಲೇ ಇಲ್ಲ" ಅಂದಳು ಅಕ್ಕ. ಅವರು ಬರೆದುಕೊಂಡರು.

ಐದು ದಿನ ಸ್ಟಿರಾಯ್ಡ್ ಡ್ರಿಪ್. ಸಾಲದೆ, ರಕ್ತವನ್ನು ಯಂತ್ರಕ್ಕೆ ಹರಿಸಿ, ಅದರ ತಿಳಿಯನ್ನು ಬೇರೆ ಮಾಡಿ ಎಸೆದು, ಉಳಿದದ್ದನ್ನು ಮೈಗೆ ವಾಪಸ್ ಬಿಡುವುದು ಐದು ಸಲ. ನಾನು ಹೊರಗೆ ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಕೂತರೆ ಎದ್ದೆ. "ಒಂದು ಕಡೆ ನಿಲ್ಲಪ್ಪ, ನೆಲ ಒರೆಸ್ಬೇಕು" ಅಂದ ಆಯಾಗೂ ಬೈದೆ. ದಿನಾ ಬಾಟಲಿಯ ಕೆಂಪು ಮುಚ್ಚಳ ಅವಳ ಎಡಗಣ್ಣಿಗೆ ಹಿಡಿದು ಕೇಳುತ್ತಿದ್ದೆ. ಇಟ್ಟಿಗೆ, ಇಟ್ಟಿಗೆ, ಇಟ್ಟಿಗೆ. ಹದಿಮೂರನೇ ದಿನ, "ಕೆಂಪು ಕಣೋ ದಡ್ಡ" ಅಂದಳು. ಎಡಗಣ್ಣು ಬಂತು. ಬಲಗಣ್ಣು ಬರಲಿಲ್ಲ.

ರಕ್ತಪರೀಕ್ಷೆಯೂ ಹೌದು ಅಂದಿತು. ಚೆನ್ನಾಗಿದ್ದೀನಿ ಅಂತ ಮದ್ದು ಬಿಡೋ ಹಾಗಿಲ್ಲ, ಪ್ರತಿ ಹೊಡೆತವೂ ಏನಾದರೊಂದು ಕಿತ್ತುಕೊಂಡೇ ಹೋಗುತ್ತೆ ಅಂತ ಎಚ್ಚರಿಸಿ ಕಳಿಸಿದರು. ಮತ್ತೆ ಹೊಡೆತ ಬೀಳದಿರಲೆಂದು ಆರು ತಿಂಗಳಿಗೊಮ್ಮೆ ಬೇರೊಂದು ಮದ್ದಿನ ಡ್ರಿಪ್. ಈಗ ಭೂತಗನ್ನಡಿ ಎಡಗಣ್ಣಿಗೆ, ದಾರಕ್ಕೂ ಅದೇ ಕಣ್ಣು. ಅವಸರದಲ್ಲಿ ನೀರು ಕುಡಿದು ಒಂದು ಸಲ ಬಿಕ್ಕಿದರೂ ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಎಣಿಸತೊಡಗುತ್ತೇನೆ.

ಡ್ರಿಪ್ಪಿಗೆ ಹೋದಾಗಲೆಲ್ಲ ಯಾರಾದರೂ ಹೊಸ ಡಾಕ್ಟರು ಫೈಲು ತೆಗೆದು ಕೇಳುತ್ತಾರೆ: "ಮೊದಲ ಸಲ ಹತ್ತು ದಿನ ನೀವೇ ಸುಮ್ಮನಿದ್ದಿರಾ?"

"ಹೌದು" ಅನ್ನುತ್ತಾಳೆ ಅಕ್ಕ.

ಇಲ್ಲಿವರೆಗೆ ಹತ್ತು ಸಲ ಕೇಳಿದ್ದಾರೆ. ಟಾನಿಕ್ ಡಾಕ್ಟರನ್ನು ಬೈಯಲು ನನಗೆ ಬಾಯಿದೆ. ಆ ಹತ್ತು ದಿನ ನನ್ನವು ಅನ್ನಲು ಮಾತ್ರ ಒಂದು ಸಲವೂ ನಾಲಿಗೆ ಎದ್ದಿಲ್ಲ. ಫೈಲಿನಲ್ಲಿ ಅವು ಇನ್ನೂ ಅವಳ ಹೆಸರಲ್ಲೇ ಇವೆ.