ಸ್ಪರ್ಧೆಗೆ ಮೊದಲೇ ಬರೆದಿಟ್ಟ ವರದಿ

ನನ್ನ ನಿವೃತ್ತಿಗೆ ಇನ್ನು ಮೂರು ತಿಂಗಳಿದ್ದ ವರ್ಷದ ಮಾತಿದು. ಸಿಂದಗಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಮೂವತ್ತೊಂದು ವರ್ಷ ಕೊರಳಲ್ಲಿ ಸೀಟಿ ಹಾಕಿಕೊಂಡು ಓಡಾಡಿದವನು. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ, ಸಿಟ್ಟೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕು ತಾಲೂಕುಗಳ ಒಂದಿಷ್ಟು ಶಿಕ್ಷಕರು ಸೇರಿ ಬಳಗವೊಂದನ್ನು ಮಾಡಿಕೊಂಡಿದ್ದೆವು. ವರ್ಷಕ್ಕೆ ಎರಡು ಸ್ಪರ್ಧೆ ನಡೆಸುತ್ತಿದ್ದೆವು: ಫೆಬ್ರುವರಿಯಲ್ಲಿ ಸೈಕಲ್ ಓಟ, ಮಾರ್ಚಿನಲ್ಲಿ ಚರ್ಚಾಸ್ಪರ್ಧೆ. ಎರಡಕ್ಕೂ ನಾನೇ ಸಂಚಾಲಕ.

ನಮ್ಮಲ್ಲಿ ಒಂದು ರೂಢಿ ಇತ್ತು. ಸ್ಪರ್ಧೆಯ ವರದಿಯನ್ನು ಹಿಂದಿನ ದಿನವೇ ಬರೆದಿಡುವುದು. 'ಸ್ಪರ್ಧೆಯು ಯಾವುದೇ ಅವಘಡವಿಲ್ಲದೆ, ಅತ್ಯಂತ ಅಚ್ಚುಕಟ್ಟಾಗಿ ಜರುಗಿತು' ಎಂದು ಶುರುಮಾಡಿ, ಅತಿಥಿಗಳ ಹೆಸರೆಲ್ಲ ಬರೆದು, ಗೆದ್ದವರ ಹೆಸರಿಗೆ ಮಾತ್ರ ಖಾಲಿ ಜಾಗ ಬಿಡುತ್ತಿದ್ದೆ. ಸ್ಪರ್ಧೆ ಮುಗಿದ ತಕ್ಷಣ ಹೆಸರು ತುಂಬಿದರೆ ಆಯಿತು. ಪತ್ರಿಕೆಯವರಿಗೂ ಬೇಗ ಸಿಗುತ್ತದೆ, ಮೇಲಿನವರಿಗೂ ಬೇಗ ಮುಟ್ಟುತ್ತದೆ. ಇದನ್ನು ನಾನು ಶಿಸ್ತು ಎಂದುಕೊಂಡಿದ್ದೆ. ಕಿರಿಯ ಶಿಕ್ಷಕರಿಗೆ ಹೆಮ್ಮೆಯಿಂದ ಕಲಿಸಿಯೂ ಕೊಟ್ಟಿದ್ದೆ.

ಆ ವರ್ಷದ ಸೈಕಲ್ ಓಟ ಫೆಬ್ರುವರಿಯ ಮೂರನೇ ರವಿವಾರ, ಮುಳವಾಡದ ಹತ್ತಿರ ಕಾಲುವೆ ಪಕ್ಕದ ರಸ್ತೆಯಲ್ಲಿ. ಹನ್ನೆರಡು ಕಿಲೋಮೀಟರ್. ಬಾಲಕಿಯರಲ್ಲಿ ಮೊದಲ ಇಬ್ಬರಿಗೆ ಸೈಕ್ಲಿಂಗ್ ವಸತಿನಿಲಯದ ಆಯ್ಕೆಗೆ ಹೋಗುವ ಅವಕಾಶ. ಹಿಂದಿನ ಸಂಜೆ ಮೋಟರ್‌ಸೈಕಲ್ ಮೇಲೆ ರಸ್ತೆ ನೋಡಿಕೊಂಡು ಬಂದೆ. ಕಾಲುವೆ ಸೇತುವೆಯ ತಿರುವಿನಲ್ಲಿ ಯಾವುದೋ ಟಿಪ್ಪರಿನಿಂದ ಖಡಿ, ಅಂದರೆ ಜಲ್ಲಿಕಲ್ಲು, ಚೆಲ್ಲಿತ್ತು. ಗುಡಿಸಬೇಕಿತ್ತು. ಬೆಳಿಗ್ಗೆ ಕೆಂಪು ಬಾವುಟ ಕೊಟ್ಟು ಒಬ್ಬ ಶಿಕ್ಷಕರನ್ನು ಅಲ್ಲಿ ನಿಲ್ಲಿಸಿದರಾಯಿತು ಎಂದುಕೊಂಡೆ. ಬೆಳಿಗ್ಗೆ ನಿಲ್ಲಿಸಿಯೂ ನಿಲ್ಲಿಸಿದೆ. ಆದರೆ ಅತಿಥಿಗಳು ಅಂದುಕೊಂಡದ್ದಕ್ಕಿಂತ ಮೂವರು ಹೆಚ್ಚು ಬಂದುಬಿಟ್ಟರು. ಶಾಲು ಹಾರ ಹಿಡಿದು ಕೊಡಲು ವೇದಿಕೆಯ ಮೇಲೆ ಜನ ಸಾಲಲಿಲ್ಲ. ಫೋನು ಮಾಡಿ ಆ ಶಿಕ್ಷಕರನ್ನು ಸೇತುವೆಯಿಂದ ಕರೆಸಿಕೊಂಡೆ. ಸನ್ಮಾನ ಮುಗಿಯುವ ಹೊತ್ತಿಗೆ ಓಟ ಶುರುವಾಗಿತ್ತು.

ಇಂಡಿ ತಾಲೂಕಿನ ಹೊರ್ತಿಯ ರುಕ್ಮಿಣಿ ಎಂಬ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಒಂಬತ್ತನೇ ತರಗತಿ, ಸಣ್ಣ ಮೈಕಟ್ಟು, ಯಾರ ಮುಖವನ್ನಾದರೂ ನೆಟ್ಟಗೆ ನೋಡುವ ಕಣ್ಣು. ಆ ತಿರುವಿನಲ್ಲಿ ಖಡಿಯ ಮೇಲೆ ಜಾರಿ ಬಿದ್ದಳು. ಚೈನು ಕಳಚಿತ್ತು, ಮೊಣಕೈ ಸುಲಿದಿತ್ತು. ಉಳಿದ ದಾರಿಯನ್ನು ಸೈಕಲ್ ತಳ್ಳಿಕೊಂಡೇ ಬಂದು ಕೊನೆಯವಳಾಗಿ ಗೆರೆ ದಾಟಿದಳು. ಗಾಯಕ್ಕೆ ಔಷಧಿ ಹಾಕಿಸಿಕೊಳ್ಳಲು ನನ್ನ ಮೇಜಿನ ಹತ್ತಿರ ಬಂದಾಗ ಮೆತ್ತಗೆ ಹೇಳಿದಳು, "ಸರ್, ಸೇತುವಿ ಕಡೆ ಖಡಿ ಬಿದ್ದಿತ್ತರಿ. ಅಲ್ಲಿ ಯಾರೂ ನಿಂತಿದ್ದಿಲ್ಲರಿ."

ನಾನು ಆಗ ಗೆದ್ದವರ ಹೆಸರು ತುಂಬುತ್ತಿದ್ದೆ. ತಲೆಯನ್ನೂ ಎತ್ತಲಿಲ್ಲ. "ಸೈಕಲ್ ಅಂದಮ್ಯಾಲ ಬೀಳೂದು ಇದ್ದದ್ದ ಐತಿ, ಹೋಗವಾ," ಎಂದೆ.

ಕ್ರೀಡಾ ಇಲಾಖೆಯ ನಿಯಮದ ಪ್ರಕಾರ, ಮಾರ್ಗದ ದೋಷದಿಂದ ಸ್ಪರ್ಧಿ ಬಿದ್ದದ್ದಾದರೆ, ಸಂಚಾಲಕ ಮೂವತ್ತು ದಿನದೊಳಗೆ ಅದನ್ನು ಬರೆದು ಒಪ್ಪಿಕೊಂಡರೆ, ಆ ಸ್ಪರ್ಧಿಗೆ ಟೈಮ್ ಟ್ರಯಲ್ ಸಿಗುತ್ತದೆ. ಅಂದರೆ ಅದೇ ದಾರಿಯಲ್ಲಿ ಒಬ್ಬಳೇ ಗಡಿಯಾರದ ಜೊತೆ ಓಡುವುದು. ಇಪ್ಪತ್ತನಾಲ್ಕು ನಿಮಿಷದೊಳಗೆ ಮುಗಿಸಿದರೆ ಆಯ್ಕೆಗೆ ಹೋಗಬಹುದು. ಈ ನಿಯಮ ನನಗೆ ಬಾಯಿಪಾಠ. ರುಕ್ಮಿಣಿಗೆ ಮುಂದಿನ ವರ್ಷ ವಯಸ್ಸು ಮೀರುತ್ತದೆ ಎನ್ನುವುದೂ ಅರ್ಜಿಯಲ್ಲಿ ಕಂಡಿತ್ತು. ಆದರೂ ವರದಿ ಹಾಗೆಯೇ ಹೋಯಿತು: ಯಾವುದೇ ಅವಘಡವಿಲ್ಲದೆ. ಬರೆದದ್ದನ್ನು ತಿದ್ದಿದರೆ ನನ್ನ ಕೊನೆಯ ವರ್ಷದ ಹೆಸರಿಗೆ ಮಸಿ ಬಳಿದಂತೆ ಅನಿಸಿತು. ಅಷ್ಟೇ ಕಾರಣ. ಬೇರೆ ಏನೂ ಇಲ್ಲ.

ಅಂದಿನಿಂದ ನನಗೆ ನೆಮ್ಮದಿ ಕೆಟ್ಟಿತು. ಊಟಕ್ಕೆ ಕೂತರೆ ಆ ತಿರುವು, ಪ್ರಾರ್ಥನೆಗೆ ನಿಂತರೆ ಆ ತಿರುವು. ಶಾಲೆಯಲ್ಲಿ ಸಣ್ಣ ಸಣ್ಣದಕ್ಕೆ ರೇಗುತ್ತಿದ್ದೆ. ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ. ಮೂವತ್ತು ದಿನ ಕಳೆದರೆ ಸಾಕು, ಆಮೇಲೆ ನಾನೇ ಮನಸ್ಸು ಮಾಡಿದರೂ ಏನೂ ಮಾಡುವ ಹಾಗಿಲ್ಲ ಎಂಬ ಹೇಡಿ ಸಮಾಧಾನ ಅದು.

ಚರ್ಚಾಸ್ಪರ್ಧೆ ಬಂದದ್ದು ಇಪ್ಪತ್ತೇಳನೇ ದಿನ, ಬಸವನಬಾಗೇವಾಡಿಯ ಒಂದು ಶಾಲೆಯ ಸಭಾಂಗಣದಲ್ಲಿ. ವಿಷಯ ಕೊಟ್ಟವನೂ ನಾನೇ. ಹಿಂದಿನ ತಿಂಗಳಷ್ಟೇ ದೂರದ ದೇಶವೊಂದರಲ್ಲಿ ಅಂತಾರಾಷ್ಟ್ರೀಯ ಚಳಿಗಾಲದ ಕ್ರೀಡಾಕೂಟ ಮುಗಿದಿತ್ತು. 'ಆತಿಥೇಯ ದೇಶವು ಕ್ರೀಡಾಕೂಟವನ್ನು ಸಮರ್ಥವಾಗಿ ನಡೆಸಿತು' ಎಂಬುದು ವಿಷಯ. ಬಳಗದವರು ನಕ್ಕರು. ನಮ್ಮ ಮಕ್ಕಳು ಮಂಜುಗಡ್ಡೆ ಅಂತ ನೋಡಿದ್ದು ಆಲಮಟ್ಟಿಯ ಮೀನಿನ ಪೆಟ್ಟಿಗೆಯಲ್ಲಿ, ಇಲ್ಲವೇ ಐಸ್ ಗೋಲಾದ ಗಾಡಿಯಲ್ಲಿ. ಮಾರ್ಚ್ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಹಿಮದ ಬಗ್ಗೆ ಏನು ವಾದಿಸಿಯಾರು ಎಂದರು. ಗೊತ್ತಿಲ್ಲದ್ದನ್ನು ಓದಿಕೊಂಡು ಬರಲಿ ಎಂದು ನಾನು ಹಟ ಹಿಡಿದೆ. ಪರ ವಿರೋಧ ಯಾರಿಗೆ ಎಂಬುದನ್ನು ವಾರದ ಮೊದಲೇ ಚೀಟಿ ಎತ್ತಿ ಶಾಲೆಗಳಿಗೆ ತಿಳಿಸಿದ್ದೆವು.

ಬೆಳಿಗ್ಗೆ ಸ್ಪರ್ಧಿಗಳ ಪಟ್ಟಿ ಕೈಗೆ ಬಂತು. ವಿರೋಧದ ಸಾಲಿನಲ್ಲಿ ಕೊನೆಯ ಹೆಸರು: ರುಕ್ಮಿಣಿ, ಹೊರ್ತಿ. ಎರಡು ಸಲ ಚಹಾ ಕುಡಿದೆ, ಮೈಕು ಸರಿಯಿದೆಯೋ ಎಂದು ಮೂರು ಸಲ ನೋಡಿದೆ. ನನ್ನ ಜೊತೆ ಇನ್ನೊಬ್ಬ ನಿರ್ಣಾಯಕರು ಮುದ್ದೇಬಿಹಾಳದ ಶಾರದಾ ಅಕ್ಕೋರು, ಇತಿಹಾಸ ಕಲಿಸಿ ನಿವೃತ್ತರಾದವರು. ಯಾರ ಮುಲಾಜೂ ಇಲ್ಲದ ಬಾಯಿ ಅವರದು. "ಯಾಕ್ರಿ ಮಾಸ್ತರ, ಕುರ್ಚಿಗೆ ಮುಳ್ಳು ಅದಾವೇನು?" ಎಂದು ಕೇಳಿದರು. ನಾನು ಬಿಸಿಲಿನ ನೆಪ ಹೇಳಿದೆ.

ಪರವಾಗಿ ಮಾತಾಡಿದವರಲ್ಲಿ ಮುಳವಾಡದ ಮಲ್ಲಿಕಾರ್ಜುನ ಎಂಬಾತ ಎಲ್ಲರನ್ನೂ ಮೀರಿಸಿದ. ಚೆನ್ನಾಗಿ ಓದಿಕೊಂಡು ಬಂದಿದ್ದ. ಸ್ಪರ್ಧೆಗಳು ಹೇಳಿದ ವೇಳೆಗೆ ಶುರುವಾದವು, ಸ್ವಯಂಸೇವಕರು ಚಳಿಯಲ್ಲಿ ನಿಂತು ದುಡಿದರು, ಆಟಗಾರರ ವಸತಿ ಊಟಕ್ಕೆ ಕೊರತೆಯಾಗಲಿಲ್ಲ ಎಂದೆಲ್ಲ ಒಂದೊಂದಾಗಿ ಹೇಳಿದ. ಆ ಜಾಗದಲ್ಲಿ ಬೀಳುವ ಹಿಮ ಸಾಲದ್ದಕ್ಕೆ ಪಂಪಿನಿಂದ ನೀರೆತ್ತಿ, ಯಂತ್ರದಿಂದ ಹಿಮ ಮಾಡಿ ಗುಡ್ಡಕ್ಕೆ ಹರಡಿದ್ದರು. ಇದು ಸುಳ್ಳು ಹಿಮ ಎಂದು ವಿರೋಧಿಗಳು ಆಗಲೇ ಆಡಿಕೊಂಡಿದ್ದರು. ಅವನು ಸ್ವಲ್ಪ ನಿಂತು, ಸಭೆಯನ್ನು ನೋಡಿ ಹೇಳಿದ:

"ನಮ್ಮೂರಿಗೆ ನೀರು ತಾನಾಗೇ ಬರೂದಿಲ್ಲರಿ. ಕೃಷ್ಣಾ ನದಿಯಿಂದ ಪಂಪ್ ಹಚ್ಚಿ ಎತ್ತತಾರ. ಆ ನೀರಾಗ ಬೆಳೆದ ಜ್ವಾಳ ಸುಳ್ಳು ಜ್ವಾಳ ಏನ್ರಿ?"

ಚಪ್ಪಾಳೆ ನಿಲ್ಲಲೇ ಇಲ್ಲ. ಶಾರದಾ ಅಕ್ಕೋರು ಕೂಡ ಪೆನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ಆದರೆ ಕಣ್ಣು ಮಾತ್ರ ರುಕ್ಮಿಣಿಯ ಕುರ್ಚಿಯ ಮೇಲಿತ್ತು. ಅವಳ ಮೊಣಕೈಯಲ್ಲಿ ಗಾಯದ ಕಲೆ ಇನ್ನೂ ಕಪ್ಪಗಿತ್ತು.

ಅವಳು ಮೈಕಿನ ಮುಂದೆ ಬಂದು ಒಂದು ಪತ್ರಿಕೆಯ ತುಣುಕು ತೆಗೆದಳು. ಯಂತ್ರದ ಹಿಮ ಗಟ್ಟಿಯಾಗಿರುತ್ತದೆ, ಬಿದ್ದರೆ ಪೆಟ್ಟು ಜೋರು ಎಂದು ಆಟಗಾರರು ಹೇಳಿಕೊಂಡದ್ದನ್ನು ಓದಿದಳು. ನೀರೆತ್ತಿದ್ದು ತಪ್ಪಲ್ಲ, ಮಲ್ಲಿಕಾರ್ಜುನನ ಮಾತು ತಾನೂ ಒಪ್ಪುತ್ತೇನೆ ಎಂದಳು. ಆಮೇಲೆ ಒಂದು ಪ್ರಶ್ನೆ ಎತ್ತಿದಳು: ಕ್ರೀಡಾಕೂಟ ಚೆನ್ನಾಗಿ ಆಯಿತು ಎಂದು ಹೇಳಿದವರು ಯಾರು? ನಡೆಸಿದ ದೇಶ ಹೇಳಿತು. ಹಾರ ಹಾಕಿಸಿಕೊಂಡ ಅತಿಥಿಗಳು ಹೇಳಿದರು. ಪದಕ ಗೆದ್ದವರು ಹೇಳಿದರು. ಗುಡ್ಡದ ಮೇಲೆ ಬಿದ್ದವರನ್ನು, ಕೊನೆಗೆ ಬಂದವರನ್ನು ಯಾರಾದರೂ ಕೇಳಿದರೇ? ದಾರಿ ಹೇಗಿತ್ತು ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು ಎಂದಳು.

ಮರುಪ್ರಶ್ನೆಯ ಸುತ್ತಿನಲ್ಲಿ ಮಲ್ಲಿಕಾರ್ಜುನ ಅವಳನ್ನು ಹಿಡಿದ. ಮೇಲಿನವರ ವರದಿಗಳೆಲ್ಲ ಕೂಟ ಅಚ್ಚುಕಟ್ಟಾಗಿ ಆಯಿತು ಎಂದೇ ಹೇಳುತ್ತವೆ. ವರದಿ ಸುಳ್ಳು ಹೇಳುತ್ತದೆಯೇ ಎಂದು ಕೇಳಿದ.

ರುಕ್ಮಿಣಿ ಅವನತ್ತ ನೋಡಿದಳೇ ಹೊರತು ನನ್ನತ್ತ ನೋಡಲಿಲ್ಲ. "ಆಟ ಮುಗಿಯೂಕಿಂತ ಮೊದಲ ವರದಿ ಬರದಿಟ್ಟಿದ್ದನ್ನ ನಾ ಕಣ್ಣಾರೆ ನೋಡೇನ್ರಿ. ಗೆದ್ದವರ ಹೆಸರಿಗೆ ಅಷ್ಟ ಜಾಗ ಬಿಟ್ಟಿದ್ರು. ಬಿದ್ದವರ ಹೆಸರಿಗೆ ಜಾಗಾನ ಇದ್ದಿದ್ದಿಲ್ಲ."

ಯಾವ ದೇಶದ ವರದಿಯನ್ನು ಇವಳು ಯಾವಾಗ ನೋಡಿದಳು ಎಂದು ಮಕ್ಕಳು ನಕ್ಕರು. ನಾನು ನಗಲಿಲ್ಲ. ಅಂದು ಔಷಧಿ ಹಾಕಿಸಿಕೊಳ್ಳುವಾಗ ಅವಳು ನನ್ನ ಮೇಜಿನ ಮೇಲಿನ ಹಾಳೆಯನ್ನು ಓದಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾದವು. ಎದ್ದು ಹೊರಗೆ ಹೋಗಿಬಿಡೋಣ ಅನಿಸಿತು.

ಅಂಕ ಹಾಕಲು ಪಕ್ಕದ ಕೋಣೆಯಲ್ಲಿ ಕೂತೆವು. ನಾನು ರುಕ್ಮಿಣಿಗೆ ಐವತ್ತಕ್ಕೆ ನಲವತ್ತೊಂಬತ್ತು ಬರೆದೆ. ಶಾರದಾ ಅಕ್ಕೋರು ಮೂವತ್ತೆಂಟು ಕೊಟ್ಟಿದ್ದರು. ಪ್ರಶ್ನೆ ಒಳ್ಳೆಯದು, ಆದರೆ ಕೊನೆಗೆ ವಿಷಯ ಬಿಟ್ಟು ಹೋದಳು, ಮಲ್ಲಿಕಾರ್ಜುನ ಕೊನೆಯ ತನಕ ವಿಷಯದಲ್ಲೇ ಇದ್ದ ಎಂದರು. ನನ್ನ ಹಾಳೆ ನೋಡಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನನಗೆ ತಡೆಯಲಾಗಲಿಲ್ಲ. ಖಡಿ, ಬಾವುಟ, ಶಾಲು, ವರದಿ, ಉಳಿದಿರುವ ಮೂರು ದಿನ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಇವಳಿಗೆ ಮೊದಲ ಬಹುಮಾನವನ್ನಾದರೂ ಕೊಡೋಣ ಎಂದೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು, "ಕಪ್ಪು ಕೊಟ್ಟು ಕೈ ತೊಳಕೊಳ್ಳಾಕ ಹೊಂಟೀರೇನ್ರಿ? ಆಕಿ ಕೇಳಾಕತ್ತಿದ್ದು ಕಪ್ಪಲ್ಲ. ಆ ಹುಡುಗನ ಬಹುಮಾನ ಕಸದು ನಿಮ್ಮ ತಪ್ಪು ಮುಚ್ಚಬ್ಯಾಡ್ರಿ."

ಮುಖಕ್ಕೆ ಹೊಡೆದ ಹಾಗಾಯಿತು. ಸಿಟ್ಟೂ ಬಂತು, ಆದರೆ ಯಾರ ಮೇಲೆ ತೋರಿಸುವುದು? ಅಂಕ ತಿದ್ದಿದೆ. ಮಲ್ಲಿಕಾರ್ಜುನ ಮೊದಲು, ರುಕ್ಮಿಣಿ ಎರಡನೆಯವಳು. ಗೆದ್ದವರ ಹೆಸರು ತುಂಬಲು ಜೇಬಿಗೆ ಕೈ ಹಾಕಿ ಹಾಳೆ ತೆಗೆದೆ. ಹಿಂದಿನ ದಿನ ನಾನೇ ಬರೆದಿಟ್ಟ ವರದಿ ಅದು: 'ಚರ್ಚಾಸ್ಪರ್ಧೆಯು ಅತ್ಯಂತ ಅಚ್ಚುಕಟ್ಟಾಗಿ ಜರುಗಿತು.' ಇಷ್ಟೆಲ್ಲ ಆದಮೇಲೂ ಮತ್ತೆ ಅದನ್ನೇ ಮಾಡಿದ್ದೆ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ಹಾಳೆಯ ಮುಂಬದಿಗೆ ಅಡ್ಡ ಗೆರೆ ಎಳೆದು, ಹಿಂಬದಿಯಲ್ಲಿ ನಿಂತುಕೊಂಡೇ ಬರೆದೆ. ಸೇತುವೆಯ ತಿರುವಿನಲ್ಲಿ ಖಡಿ ಇತ್ತು, ಹಿಂದಿನ ದಿನ ನಾನು ನೋಡಿದ್ದೆ, ಬಾವುಟದವರನ್ನು ಸನ್ಮಾನಕ್ಕೆಂದು ನಾನೇ ಕರೆಸಿಕೊಂಡೆ, ಸ್ಪರ್ಧಿ ಬಿದ್ದದ್ದು ಇದರಿಂದಲೇ, ಮೊದಲಿನ ವರದಿ ತಪ್ಪು, ಲೋಪ ಪೂರ್ತಿ ನನ್ನದು. ಕೆಳಗೆ ಸಹಿ ಹಾಕಿದೆ.

ಬಹುಮಾನ ಕೊಟ್ಟ ಮೇಲೆ ರುಕ್ಮಿಣಿಯನ್ನು ಕರೆದು ಹಾಳೆ ಕೊಟ್ಟೆ. ಇದನ್ನು ಸೋಮವಾರ ನಾನೇ ಇಲಾಖೆಗೆ ಹೋಗಿ ಕೊಟ್ಟು ಬರುತ್ತೇನೆ, ನಿನಗೆ ಮತ್ತೊಂದು ಓಟ ಸಿಗುತ್ತದೆ ಎಂದು ಹೇಳಿದೆ. ತಪ್ಪಾಯಿತವ್ವಾ ಎಂದೂ ಹೇಳಿದೆ. ಅವಳು ಅಳುತ್ತಾಳೆ ಅಥವಾ ಕಾಲಿಗೆ ಬೀಳುತ್ತಾಳೆ ಎಂದು ನಾನು ಅಂದುಕೊಂಡಿದ್ದರೆ ಅದು ನನ್ನ ದಡ್ಡತನ. ಅವಳು ನಿಂತು ಒಂದೊಂದೇ ಸಾಲು ಓದಿದಳು.

"ನೀವು ಏಳನೇ ಕಿಲೋಮೀಟರ್ ಅಂತ ಬರದೀರಿ ಸರ್. ಸೇತುವಿ ಬರೂದು ಎಂಟನೇದ್ದರಾಗ. ಮತ್ತ ಇವತ್ತಿನ ತಾರೀಖ ಹಾಕ್ರಿ."

ತಿದ್ದಿದೆ. ತಾರೀಖು ಹಾಕಿದೆ. ಶಾರದಾ ಅಕ್ಕೋರು ಹಿಂದೆ ನಿಂತು ನೋಡುತ್ತಿದ್ದರು.

ಸೋಮವಾರ ಹಾಳೆ ತಲುಪಿತು, ಅವಧಿಗೆ ಒಂದು ದಿನ ಉಳಿದಿತ್ತು. ನನಗೆ ಒಂದು ನೋಟಿಸು ಬಂತು, ಉತ್ತರ ಕೊಟ್ಟೆ. ಹತ್ತು ದಿನದ ನಂತರ ಟೈಮ್ ಟ್ರಯಲ್ ಇಟ್ಟರು. ಅಂದು ನಸುಕಿನಲ್ಲಿ ಕಸಬರಿಗೆ ಹಿಡಿದು ನಾನೇ ಆ ತಿರುವನ್ನು ಗುಡಿಸಿದೆ. ಬಾವುಟವನ್ನೂ ನಾನೇ ಹಿಡಿದು ನಿಂತೆ. ಅತಿಥಿಗಳಿರಲಿಲ್ಲ, ಹಾರ ಇರಲಿಲ್ಲ. ಗೆರೆಯ ಹತ್ತಿರ ಗಡಿಯಾರ ಹಿಡಿದ ಅಧಿಕಾರಿಯೊಬ್ಬರು, ಇಲ್ಲಿ ನಾನು, ನಡುವೆ ಅವಳ ಸೈಕಲ್ಲು. ದೂರದಲ್ಲಿ ಅವಳು ಕಂಡಾಗ ತಿರುವಿನ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದೆ. ಮತ್ತೆ ಬಿದ್ದರೆ? ಅವಳು ವೇಗ ತಗ್ಗಿಸಲಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ ತಿರುವು ದಾಟಿ ಹೋದಳು.

ಇಪ್ಪತ್ಮೂರು ನಿಮಿಷ ನಲವತ್ತೊಂಬತ್ತು ಸೆಕೆಂಡು. ಹನ್ನೊಂದು ಸೆಕೆಂಡು ಉಳಿಸಿದ್ದಳು. ಆಯ್ಕೆಗೆ ಹೋದಳು, ಆಯ್ಕೆಯೂ ಆದಳು.

ಅಂದು ಮೊದಲ ಸಲ ನಾನು ಖಾಲಿ ಹಾಳೆ ಹಿಡಿದುಕೊಂಡು ಹೋಗಿದ್ದೆ. ಕೊನೆಯ ಸ್ಪರ್ಧಿ ಗೆರೆ ದಾಟುವ ತನಕ ಒಂದಕ್ಷರವನ್ನೂ ಬರೆಯಬಾರದು, ದಾಟಿದ ಮೇಲೆ ಮೊದಲು ಅವರನ್ನೇ ಕೇಳಿ ಬರೆಯಬೇಕು. ಮೂವತ್ತೊಂದು ವರ್ಷದ ಕೆಲಸ ಕೊನೆಯ ಮೂರು ತಿಂಗಳಲ್ಲಿ ನನಗೆ ಕಲಿಸಿದ್ದು ಇಷ್ಟು. ಮೊದಲನೆಯವಳೂ ಕೊನೆಯವಳೂ ಅವಳೇ ಆಗಿದ್ದ ಆ ಓಟ ಮುಗಿದ ಮೇಲೆ ಸೇತುವೆಯಿಂದ ಗೆರೆಯ ಕಡೆ ಬಂದು, ಬೇವಿನ ನೆರಳಿನಲ್ಲಿ ನೀರು ಕುಡಿಯುತ್ತಿದ್ದ ರುಕ್ಮಿಣಿಯ ಹತ್ತಿರ ಹೋಗಿ, ದಾರಿ ಹೇಗಿತ್ತವ್ವಾ ಎಂದು ಕೇಳಿದೆ.

ಅವಳು ಬಾಯಿ ಒರೆಸಿಕೊಂಡು ಒಂದು ಕ್ಷಣ ಯೋಚಿಸಿದಳು. "ಸೇತುವಿ ಕಡೆ ಚಲೋ ಇತ್ತರಿ. ಹತ್ತನೇ ಕಿಲೋಮೀಟರಿಗೆ ಒಂದು ತೆಗ್ಗು ಐತಿ, ಅದನ್ನ ಬರಕೋರಿ."

ಬರೆದುಕೊಂಡೆ.